ಹಾಲು ಕುಡಿಸುವುದನ್ನು ಹೇಳಿಕೊಡಲು ಮನೆಗೆ ಬಂದ ಮೇಡಂ: ಒಬ್ಬ ಅಜ್ಜಿಯ ಅನುಭವ

ಒಂದೂವರೆ ಸಾವಿರ ರೂಪಾಯಿ ಕೊಟ್ಟು, ಮಗುವಿಗೆ ಹಾಲು ಕುಡಿಸುವುದನ್ನು ಹೇಳಿಕೊಡುವವರನ್ನು ಮನೆಗೆ ಕರೆಸುವುದಾ? ನಮ್ಮ ಅಳಿಯ ಈ ಮಾತು ಎತ್ತಿದಾಗ ನಾನು ಬೇಡ ಅಂದಿದ್ದೆ. ನಾನಿದ್ದೇನೆ. ಬೀಗಿತ್ತಿ ದಿನಾ ಬಂದು ಹೋಗುತ್ತಾರೆ. ಎಣ್ಣೆ ನೀರು ಹಾಕಲು ಬರುವ ಅಜ್ಜಿ ನಮ್ಮ ಬಡಾವಣೆಯ ಎಷ್ಟೋ ಮಕ್ಕಳನ್ನು ಕಾಲ ಮೇಲೆ ಹಾಕಿಕೊಂಡವರು. ಇಷ್ಟು ಜನ ಇರುವಾಗ ಹೊರಗಿನವರು ಬಂದು ಏನು ಹೇಳಿಕೊಡಬೇಕು ಅಂತ ನನಗೆ ಅನಿಸಿತ್ತು.

ಆ ಮಾತನ್ನು ನಾನು ವಾಪಸ್ ತೆಗೆದುಕೊಂಡಿದ್ದೇನೆ. ಮೊಮ್ಮಗಳಿಗೆ ಈಗ ಐದು ತಿಂಗಳು ತುಂಬಿದೆ. ತಾಯಿಯ ಹಾಲನ್ನೇ ಕುಡಿಯುತ್ತಾಳೆ. ಅದಕ್ಕೆ ಕಾರಣವಾದ ಆ ಮೂರು ಭೇಟಿಗಳ ಬಗ್ಗೆ ಬರೆಯಬೇಕು ಅಂತ ಆವಾಗಿನಿಂದ ಅಂದುಕೊಂಡಿದ್ದೆ. ಹಾಗೆ ಬಂದು ಹೇಳಿಕೊಟ್ಟವರು ಮೈಸೂರಿನಲ್ಲಿ ಸ್ಕೂಟರ್‌ನಲ್ಲಿ ತಾವೊಬ್ಬರೇ ಓಡಾಡಿ ಈ ಕೆಲಸ ಮಾಡುತ್ತಾರೆ. ಈಗಿರುವ ಕೆಲಸಕ್ಕೇ ಹೊತ್ತು ಸಾಲುತ್ತಿಲ್ಲ, ನನ್ನ ಹೆಸರು ಹಾಕಬೇಡಿ ಅಂದರು. ಹಾಗಾಗಿ ಮೇಡಂ ಅಂತಲೇ ಬರೆಯುತ್ತೇನೆ. ನಿಮ್ಮ ಊರಿನಲ್ಲಿ ಇಂಥವರನ್ನು ಹುಡುಕುವಾಗ ಏನು ನೋಡಬೇಕು ಅನ್ನುವುದು ಇದರಿಂದ ಗೊತ್ತಾದರೆ ಸಾಕು.

ಮಗಳಿಗೆ ಆಪರೇಷನ್ ಆಗಿ ಹೆರಿಗೆಯಾಯಿತು. ಮಗುವಿನ ತೂಕ 2.8 ಕಿಲೋ. ಮಗುವನ್ನು ತಾಯಿಯ ಹತ್ತಿರ ತಂದುಕೊಟ್ಟಾಗ ನಾಲ್ಕು ತಾಸು ಆಗಿಹೋಗಿತ್ತು. ಹುಟ್ಟಿದ ಒಂದು ತಾಸಿನ ಒಳಗೆ ಎದೆಗೆ ಹಾಕಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆಪರೇಷನ್ ಆದವರಿಗೂ ತಾಯಿ ಮಗು ಇಬ್ಬರೂ ಚೆನ್ನಾಗಿದ್ದರೆ ಬೇಗ ಹಾಕಬಹುದಂತೆ. ನಮಗೆ ಅದನ್ನು ಯಾರೂ ಹೇಳಲಿಲ್ಲ. ಆ ಆಸ್ಪತ್ರೆಯಲ್ಲಿ ನರ್ಸುಗಳು ಬಂದು ಮಗುವಿನ ತಲೆ ಹಿಡಿದು ಎದೆಗೆ ಒತ್ತುತ್ತಿದ್ದರು. ಮಗು ಎರಡು ಸಲ ಚೀಪಿ ಬಿಡುತ್ತಿತ್ತು. "ಕುಡೀತಾ ಇದೆಯಲ್ಲ, ಸರಿಯಾಗುತ್ತೆ ಬಿಡಿ" ಅಂದು ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಅವರ ಮೇಲೆ ನನಗೆ ಕೋಪವಿಲ್ಲ. ಇಬ್ಬರೇ ಇದ್ದರು, ಮಂಚಗಳು ಹದಿನಾರು.

ಮನೆಗೆ ಬಂದಾಗ ತೂಕ 2.56 ಆಗಿತ್ತು. ಮೊದಲ ದಿನಗಳಲ್ಲಿ ಮಕ್ಕಳು ಸ್ವಲ್ಪ ಇಳಿಯುವುದು ಸಹಜ ಅಂದರು, ಅದೂ ನಿಜವೇ. ಆದರೆ ಮನೆಯಲ್ಲಿ ಏರಲಿಲ್ಲ, ಇನ್ನೂ ಇಳಿಯಿತು. ಮಗಳ ಎರಡೂ ತೊಟ್ಟುಗಳು ಒಡೆದು ರಕ್ತ ಬರುತ್ತಿತ್ತು. ಮಗು ಅತ್ತರೆ ಸಾಕು ಅವಳ ಕಣ್ಣು ತುಂಬುತ್ತಿತ್ತು, ಯಾಕೆಂದರೆ ಈಗ ಎದೆಗೆ ಹಾಕಿಕೊಳ್ಳಬೇಕು. ಹಲ್ಲು ಕಚ್ಚಿ, ದಿಂಬಿನ ಅಂಚು ಹಿಡಿದು ಕುಡಿಸುತ್ತಿದ್ದಳು. ಮಗು ಮುಕ್ಕಾಲು ತಾಸು ಚೀಪಿ, ನಿದ್ದೆ ಹೋಗಿ, ಹತ್ತು ನಿಮಿಷಕ್ಕೆ ಮತ್ತೆ ಏಳುತ್ತಿತ್ತು. ನೋಡಲು ಬಂದವರೆಲ್ಲ ಒಂದೇ ಮಾತು: "ಹಾಲು ಸಾಲ್ತಾ ಇಲ್ಲ ಅಂತ ಕಾಣುತ್ತೆ."

ಆ ಮಾತು ನನಗೆ ಹೊಸದಲ್ಲ. 1994ರಲ್ಲಿ ಇದೇ ಮಗಳು ಎರಡು ತಿಂಗಳ ಕೂಸಾಗಿದ್ದಾಗ ನನಗೂ ಹೀಗೇ ಹೇಳಿದ್ದರು. ಆಗ ರಾತ್ರಿಗೆ ಒಂದು ಬಾಟಲಿ ಪುಡಿ ಹಾಲು ಶುರುವಾಯಿತು. ಆಮೇಲೆ ಮಧ್ಯಾಹ್ನಕ್ಕೊಂದು. ಮೂರು ವಾರದಲ್ಲಿ ನನ್ನ ಹಾಲು ಪೂರ್ತಿ ಇಂಗಿಹೋಯಿತು. ಡಬ್ಬಿಯ ಮೇಲೆ ತಾಯಿಯ ಹಾಲೇ ಮಗುವಿಗೆ ಉತ್ತಮ ಅಂತ ಬರೆದಿರುತ್ತದಲ್ಲ, 1992ರ ಕಾನೂನಿನ ಪ್ರಕಾರ ಅದನ್ನು ಹಾಕಲೇಬೇಕು. ಪ್ರತಿ ಸಲ ಚಮಚದಲ್ಲಿ ಪುಡಿ ಅಳೆಯುವಾಗ ಆ ಸಾಲು ಕಣ್ಣಿಗೆ ಬೀಳುತ್ತಿತ್ತು. ನನ್ನ ಮೈಯಲ್ಲೇ ಏನೋ ಕೊರತೆ ಇದೆ ಅಂತ ಮೂವತ್ತು ವರ್ಷ ನಂಬಿಕೊಂಡು ಬಂದಿದ್ದೆ. ಮಗಳಿಗೂ ಅದೇ ಬಂದಿದೆ ಅಂದುಕೊಂಡೆ. ಅವಳಿಗೆ ಹೇಳಲಿಲ್ಲ, ಆದರೆ ಮನಸ್ಸಿನಲ್ಲಿ ಅದೇ ಇತ್ತು.

ಏಳನೇ ದಿನ ಅಳಿಯಂದಿರು ಪುಡಿ ಹಾಲಿನ ಡಬ್ಬಿ ತಂದರು. ಎರಡು ಸಲ ಬಾಟಲಿಯಲ್ಲಿ ಕೊಟ್ಟೆವು. ಆ ರಾತ್ರಿಯೇ ಅವರು ಯಾರನ್ನೋ ವಿಚಾರಿಸಿ ಮೇಡಂಗೆ ಫೋನ್ ಮಾಡಿದರು. ಮಾರನೇ ದಿನ ಹನ್ನೊಂದಕ್ಕೆ ಬರುತ್ತೇನೆ ಅಂದವರು ಬಂದದ್ದು ಹನ್ನೆರಡೂವರೆಗೆ. ಹಿಂದಿನ ಮನೆಯಲ್ಲಿ ಮಗು ಇನ್ನೂ ಕುಡಿಯುತ್ತಿತ್ತು, ಮಧ್ಯದಲ್ಲಿ ಎದ್ದು ಬರಲು ಆಗಲಿಲ್ಲ ಅಂದರು. ಆಗ ನನಗೆ ಇದು ನೆಪ ಅನಿಸಿತು. ನಮ್ಮ ಮನೆಯಿಂದ ಅವರು ಹೊರಟಾಗ ಮೂರೂಕಾಲು ಆಗಿತ್ತು. ನಮ್ಮ ನಂತರದ ಮನೆಯವರೂ ಕಾದಿರುತ್ತಾರೆ.

ಬಂದವರು ಮೊದಲು ಕೈ ತೊಳೆದರು. ಕುರ್ಚಿ ಕೊಟ್ಟರೂ ಮಂಚದ ಪಕ್ಕ ನೆಲದ ಮೇಲೇ ಕುಳಿತರು. "ಮಗುಗೆ ಹಸಿವಾಗಲಿ, ಅಲ್ಲೀವರೆಗೂ ಮಾತಾಡೋಣ" ಅಂದರು. ಕೇಳಿದ್ದು ಬರೀ ಲೆಕ್ಕ. ನಿನ್ನೆ ಬೆಳಿಗ್ಗೆಯಿಂದ ಇವತ್ತು ಬೆಳಿಗ್ಗೆವರೆಗೆ ಎಷ್ಟು ಬಟ್ಟೆ ಒದ್ದೆಯಾಯಿತು? ಕಕ್ಕದ ಬಣ್ಣ ಏನು? ಎಷ್ಟು ಸಲ ಎದೆಗೆ ಹಾಕಿದಿರಿ? ಬಟ್ಟೆ ಒಗೆಯುವುದು ನಾನೇ, ಹಾಗಾಗಿ ನಾನೇ ಹೇಳಿದೆ: ನಾಲ್ಕು. ಈ ವಯಸ್ಸಿಗೆ ದಿನಕ್ಕೆ ಆರಾದರೂ ಚೆನ್ನಾಗಿ ಒದ್ದೆಯಾಗಬೇಕು ಅಂದರು. ಕುಡಿಸುವುದು ಎಂಟರಿಂದ ಹನ್ನೆರಡು ಸಲ. "ಅಳು ಬರೋವರೆಗೂ ಕಾಯಬೇಡಿ. ಬಾಯಿ ಚಪ್ಪರಿಸುವುದು, ಕೈ ಬಾಯಿಗೆ ಹಾಕಿಕೊಳ್ಳುವುದು, ತಲೆ ಅತ್ತಿತ್ತ ತಿರುಗಿಸುವುದು, ಅದೇ ಹಸಿವು. ಅತ್ತ ಮೇಲೆ ಬಾಯಿ ಸರಿಯಾಗಿ ಹಿಡಿಯಲ್ಲ."

ನಾವು ಬಾಟಲಿ ಮತ್ತು ಡಬ್ಬಿಯನ್ನು ಕಪಾಟಿನ ಹಿಂದೆ ಇಟ್ಟಿದ್ದೆವು. ಬೈಯುತ್ತಾರೆ ಅಂತ ಭಯ. ಮಗಳೇ ಹೇಳಿಬಿಟ್ಟಳು. ಮೇಡಂ ಬೈಯಲಿಲ್ಲ. "ಮಗುವಿನ ಹೊಟ್ಟೆ ತುಂಬೋದು ಮೊದಲು. ಅದು ಆದಮೇಲೆ ಉಳಿದಿದ್ದೆಲ್ಲ. ನೀವು ತಪ್ಪು ಮಾಡಿಲ್ಲ" ಅಂದರು. ಮಗಳು ಜೋರಾಗಿ ಅತ್ತಳು. ಎಂಟು ದಿನದಲ್ಲಿ ಅವಳಿಗೆ ಅಂಥ ಮಾತು ಹೇಳಿದವರು ಅವರೇ ಮೊದಲು. ನಾನೂ ಹೇಳಿರಲಿಲ್ಲ.

ಆಮೇಲೆ ಮಗುವನ್ನು ಬಟ್ಟೆ ಸಮೇತ ತೂಕದ ಯಂತ್ರದಲ್ಲಿ ಇಟ್ಟು ಗ್ರಾಂ ಬರೆದುಕೊಂಡರು. "ದಿನಾ ಹೇಗೆ ಕುಡಿಸ್ತೀರೋ ಹಾಗೇ ಕುಡಿಸಿ" ಅಂದು ಸುಮ್ನೆ ನೋಡುತ್ತಾ ಕುಳಿತರು. ಇಪ್ಪತ್ತು ನಿಮಿಷ. ಕೈ ಹಾಕಲಿಲ್ಲ, ಫೋನ್ ನೋಡಲಿಲ್ಲ. ಮತ್ತೆ ಅದೇ ಬಟ್ಟೆಯಲ್ಲಿ ತೂಗಿದರು. 14 ಗ್ರಾಂ ಏರಿತ್ತು. ಅಂದರೆ ಇಪ್ಪತ್ತು ನಿಮಿಷ ಅಷ್ಟು ನೋವು ತಿಂದು ಮಗುವಿಗೆ ಸಿಕ್ಕಿದ್ದು ಎರಡು ಮೂರು ಚಮಚ ಹಾಲು.

ಈಗ ಮೇಡಂ ಕೆಲಸ ಶುರು ಮಾಡಿದರು. ಮಗಳು ಮುಂದಕ್ಕೆ ಬಗ್ಗಿ, ಎದೆಯನ್ನು ಮಗುವಿನ ಬಾಯಿಗೆ ತಳ್ಳುತ್ತಿದ್ದಳು. ಮಗುವಿನ ಮುಖ ಎದೆಯ ಕಡೆ, ಮೈ ಮಾತ್ರ ಮೇಲಕ್ಕೆ. "ಅಮ್ಮ, ನೀವು ಕತ್ತು ಪಕ್ಕಕ್ಕೆ ತಿರುಗಿಸಿಕೊಂಡು ಒಂದು ಲೋಟ ನೀರು ಕುಡೀರಿ ನೋಡೋಣ" ಅಂತ ನನಗೆ ಹೇಳಿದರು. ಕುಡಿದು ನೋಡಿದೆ. ನುಂಗಲು ಕಷ್ಟ. ಮಗುವಿಗೂ ಅದೇ ಕಷ್ಟ. ಆಪರೇಷನ್ ಹೊಲಿಗೆಯ ಮೇಲೆ ಭಾರ ಬೀಳದ ಹಾಗೆ ಮಗುವನ್ನು ಕಂಕುಳ ಅಡಿಯಲ್ಲಿ ತಂದು, ಕಾಲು ಹಿಂದಕ್ಕೆ ಇರುವಂತೆ ಮಲಗಿಸಿದರು. ಬಿಂದಿಗೆಯನ್ನು ಸೊಂಟಕ್ಕೆ ಇಟ್ಟುಕೊಳ್ಳುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಬೆನ್ನಿಗೆ ದಿಂಬು ಕೊಟ್ಟು ಮಗಳನ್ನು ಹಿಂದಕ್ಕೆ ಒರಗಿಸಿದರು. ಮಗುವಿನ ತಲೆಯ ಹಿಂಭಾಗ ಒತ್ತಬೇಡಿ, ಕತ್ತಿನ ಬುಡ ಮತ್ತು ಬೆನ್ನು ಹಿಡಿಯಿರಿ ಅಂದರು.

ಮುಖ್ಯವಾದದ್ದು ಇದು. ತೊಟ್ಟನ್ನು ಮಗುವಿನ ಮೂಗಿನ ಎದುರು ಇಟ್ಟು, ಮೇಲ್ತುಟಿಗೆ ಮೆಲ್ಲಗೆ ತಾಗಿಸಿ ಕಾಯಬೇಕು. ಆಕಳಿಸುವ ಹಾಗೆ ಬಾಯಿ ದೊಡ್ಡದಾಗಿ ತೆರೆದ ಆ ಗಳಿಗೆಗೆ ಮಗುವನ್ನು ಎದೆಗೆ ತರಬೇಕು. ಎದೆಯನ್ನು ಮಗುವಿನ ಕಡೆ ಒಯ್ಯುವುದಲ್ಲ. ಗದ್ದ ಮೊದಲು ಎದೆಗೆ ತಾಗಬೇಕು. ಕೆಳತುಟಿ ಹೊರಕ್ಕೆ ಮಡಚಿರಬೇಕು. ತೊಟ್ಟು ಒಂದೇ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯಿಯೊಳಗೆ ಹೋಗಬೇಕು, ಕೆಳಗಿನಿಂದ ಜಾಸ್ತಿ. ಬರೀ ತೊಟ್ಟು ಚೀಪಿದರೆ ಅದು ಗಟ್ಟಿ ಅಂಗುಳಿಗೆ ಉಜ್ಜಿ ಒಡೆಯುತ್ತದೆ, ಹಾಲೂ ಬರುವುದಿಲ್ಲ. ನಮಗೆ ಆದದ್ದು ಅದೇ. ಮೂರು ಸಲ ತಪ್ಪಿತು. ತಪ್ಪಿದಾಗಲೆಲ್ಲ ಎಳೆಯಬೇಡಿ ಅಂದು, ಬಾಯಿಯ ಮೂಲೆಯಲ್ಲಿ ಕಿರುಬೆರಳು ಹಾಕಿ ಹಿಡಿತ ಬಿಡಿಸಲು ತೋರಿಸಿದರು. ನಾಲ್ಕನೇ ಸಲ ಮಗಳ ಮುಖ ನೋಡಿದೆ. ಹುಬ್ಬು ಗಂಟಿಕ್ಕಿದ್ದು ಸಡಿಲವಾಯಿತು. "ಅಮ್ಮ, ನೋಯ್ತಾ ಇಲ್ಲ" ಅಂದಳು.

ಆಗ ನುಂಗುವ ಸದ್ದು ಕೇಳಿಸಿತು. ಮೆತ್ತಗೆ, ಒಂದೊಂದಾಗಿ. ಎಂಟು ದಿನದಲ್ಲಿ ಆ ಸದ್ದನ್ನು ನಾವು ಕೇಳಿಯೇ ಇರಲಿಲ್ಲ, ಕೇಳಿಲ್ಲ ಅನ್ನುವುದೂ ನಮಗೆ ಗೊತ್ತಿರಲಿಲ್ಲ. ಆ ಎದೆಯಿಂದ ಮಗು ಕುಡಿದದ್ದು 26 ಗ್ರಾಂ.

ಬಾಣಂತಿಗೆ ಹಾಲು ಹೇಗೆ ಬರುತ್ತದೆ ಅನ್ನುವುದನ್ನು ಅವರು ಹೇಳಿದಾಗ ನನಗೆ ನನ್ನ 1994 ಅರ್ಥವಾಯಿತು. ಎದೆಯಿಂದ ಹಾಲು ಎಷ್ಟು ಹೊರಗೆ ಹೋಗುತ್ತದೋ ಮೈ ಅಷ್ಟನ್ನು ಮತ್ತೆ ಮಾಡುತ್ತದೆ. ತುಂಬಿಕೊಂಡೇ ಇದ್ದರೆ ಸಾಕು ಅಂತ ನಿಲ್ಲಿಸುತ್ತಾ ಬರುತ್ತದೆ. ನಾನು ರಾತ್ರಿ ಬಾಟಲಿ ಕೊಟ್ಟು ಮಲಗಿದೆ. ಹಾಲು ಹೆಚ್ಚಿಸುವ ಹಾರ್ಮೋನು ಜಾಸ್ತಿ ಕೆಲಸ ಮಾಡುವುದೇ ರಾತ್ರಿ ಹೊತ್ತು. "ಅಮ್ಮ, ನಿಮಗೆ ಹಾಲು ಇತ್ತು. ತೆಗೆಯೋದನ್ನ ಯಾರೂ ಹೇಳಿಕೊಡಲಿಲ್ಲ ಅಷ್ಟೆ" ಅಂದರು ಮೇಡಂ. ಅಡುಗೆಮನೆಗೆ ಹೋಗಿ ನಾನು ಸ್ವಲ್ಪ ಹೊತ್ತು ನಿಂತೆ.

ಅವತ್ತಿನಿಂದ ನಮ್ಮ ದಿನಚರಿ ಹೀಗಾಯಿತು. ಎರಡು ಎರಡೂವರೆ ತಾಸಿಗೊಮ್ಮೆ ಎದೆಗೆ. ಕುಡಿಸಿದ ಮೇಲೆ ಹತ್ತು ನಿಮಿಷ ಹಾಲು ಹಿಂಡುವುದು. ಹಿಂಡಿದ ಹಾಲು ಅದೇ ಹೊತ್ತಿಗೆ ಮಗುವಿಗೆ. ಅದು ಸಾಲದಿದ್ದರೆ ಮಾತ್ರ ಡಬ್ಬಿ ಹಾಲು, ಅದೂ ಮಕ್ಕಳ ಡಾಕ್ಟರಿಗೆ ತೋರಿಸಿ ಅವರು ಹೇಳಿದ ಅಳತೆಯಲ್ಲಿ. ಡಾಕ್ಟರಿಗೆ ತೋರಿಸಲೇಬೇಕು ಅಂತ ಮೇಡಂ ಅವತ್ತೇ ಸಂಜೆ ಕಳಿಸಿದರು. ತೂಕ 2.5ಕ್ಕೆ ಇಳಿದಿತ್ತು, ಅಂದರೆ ಹುಟ್ಟಿದ ತೂಕದ ಹತ್ತರಲ್ಲಿ ಒಂದು ಪಾಲಿಗಿಂತಲೂ ಜಾಸ್ತಿ ಇಳಿದಿತ್ತು. ಇಂಥದ್ದನ್ನು ತಾನೊಬ್ಬಳೇ ನೋಡಿಕೊಳ್ಳುತ್ತೇನೆ ಅನ್ನುವವರನ್ನು ನಂಬಬೇಡಿ. ಈ ಮೇಡಂ ಹಾಗೆ ಅನ್ನಲಿಲ್ಲ, ಅದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ಹಿಂಡಿದ ಹಾಲನ್ನು ಬಾಟಲಿಯಲ್ಲಿ ಬೇಡ, ಮಗು ಈಗ ತಾನೇ ಎದೆ ಹಿಡಿಯಲು ಕಲಿಯುತ್ತಿದೆ, ಬಾಟಲಿಯ ರಬ್ಬರ್ ತೊಟ್ಟನ್ನು ಚೀಪುವ ರೀತಿಯೇ ಬೇರೆ ಅಂದರು. ಚಮಚದಲ್ಲಿ ಕೊಡಿ, ಇಲ್ಲಾಂದ್ರೆ ಒಳಲೆ ಇದೆಯಾ ಅಂತ ಕೇಳಿದರು. ಒಳಲೆ! ನನ್ನ ತಾಯಿಯ ಬೆಳ್ಳಿ ಒಳಲೆ ದೇವರ ಮನೆಯ ಡಬ್ಬಿಯಲ್ಲಿ ಇತ್ತು. ನನಗೆ, ನನ್ನ ತಮ್ಮಂದಿರಿಗೆ ಎಲ್ಲ ಅದರಲ್ಲೇ ಹಾಲು ಹಾಕಿದ್ದರಂತೆ. ಗೊತ್ತಿಲ್ಲದ ಹೊಸಬರಿಗೆ ಹೇಳಬೇಕೆಂದರೆ, ಅಂಗೈಯಷ್ಟು ಅಗಲದ ಪುಟ್ಟ ಬಟ್ಟಲು, ಒಂದು ಕಡೆ ಉದ್ದ ಮೂತಿ, ನೋಡಲು ಚಿಪ್ಪಿನ ಹಾಗೆ. ತಮಿಳಿನವರು ಪಾಲಾಡೈ ಅನ್ನುತ್ತಾರೆ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಿಗೆ ಆಸ್ಪತ್ರೆಗಳಲ್ಲೂ ಈಗ ಸ್ಟೀಲಿನದ್ದರಲ್ಲಿ ಕೊಡುತ್ತಾರೆ.

ಆದರೆ ನಾವು ಹಾಕುತ್ತಿದ್ದ ರೀತಿ ತಪ್ಪು. ಹಳೆಯವರು ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ ಬಾಯಿಗೆ ಹುಯ್ಯುತ್ತಿದ್ದರು. ಅದರಿಂದ ಹಾಲು ನೆತ್ತಿಗೇರಿ ಶ್ವಾಸಕ್ಕೆ ಹೋಗಬಹುದು. ಮೇಡಂ ತೋರಿಸಿದ್ದು ಬೇರೆ. ಮಗು ಪೂರ್ತಿ ಎಚ್ಚರ ಇರಬೇಕು. ತೊಡೆಯ ಮೇಲೆ ಹೆಚ್ಚುಕಡಿಮೆ ಕೂತ ಹಾಗೆ ಎತ್ತಿ ಹಿಡಿಯಬೇಕು. ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ, ಕೆಲವೇ ಹನಿ ಬಿಟ್ಟು, ನುಂಗುವುದನ್ನು ನೋಡಿ, ಆಮೇಲೆ ಮುಂದಿನದು. ಸುರಿಯುವ ಹಾಗಿಲ್ಲ. ಬೆಳ್ಳಿಯದ್ದೋ ಸ್ಟೀಲಿನದ್ದೋ ಮುಖ್ಯವಲ್ಲ, ಮೂತಿಯ ಸಂದಿಯಲ್ಲಿ ಹಾಲು ಉಳಿಯದ ಹಾಗೆ ತೊಳೆದು, ನೀರಿನಲ್ಲಿ ಕುದಿಸಬೇಕು. ನಮ್ಮ ಬೆಳ್ಳಿ ಒಳಲೆಯ ಅಂಚು ಒಂದು ಕಡೆ ತರಚಿತ್ತು, ಮಗುವಿನ ತುಟಿಗೆ ತಾಗೀತು ಅಂತ ದೇವರಾಜ ಮಾರುಕಟ್ಟೆ ಹತ್ತಿರದ ಪಾತ್ರೆ ಅಂಗಡಿಯಿಂದ ಸ್ಟೀಲಿನದ್ದು ತರಿಸಿದೆವು. ನಮ್ಮ ಇಡೀ ಖರ್ಚಿನಲ್ಲಿ ಅತಿ ಕಡಿಮೆ ಬೆಲೆಯದ್ದು ಅದು, ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದೂ ಅದೇ.

ಉಳಿದ ಸಾಮಾನುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಹೆರಿಗೆಗೆ ಮುಂಚೆಯೇ ಮಗಳು ಆನ್‌ಲೈನಿನಲ್ಲಿ ಬಹಳ ತರಿಸಿದ್ದಳು. ಹಾಲು ಕುಡಿಸುವ ದಿಂಬು 1,300 ರೂಪಾಯಿ. ತೀರಾ ಮೆತ್ತಗೆ, ಮಗು ಕುಳಿಯಲ್ಲಿ ಕೂತುಬಿಡುತ್ತದೆ. ನಾನು ಹೊಲಿಗೆ ಕೆಲಸದವಳು. ಎರಡು ಹಳೆಯ ಕಾಟನ್ ಸೀರೆ ಮಡಚಿ, ಒಳಗೆ ಹತ್ತಿ ಬಿಗಿಯಾಗಿ ತುಂಬಿ ಒಂದು ದಿಂಬು ಹೊಲಿದುಕೊಟ್ಟೆ. ಐದು ತಿಂಗಳಿಂದ ಅದೇ ನಡೆಯುತ್ತಿದೆ. ಹಾಲು ಹಿಂಡುವ ಕರೆಂಟಿನ ಪಂಪ್ 4,500 ಕೊಟ್ಟದ್ದು ದಂಡವಾಗಲಿಲ್ಲ, ಆದರೆ ಎದೆಗೆ ಇಡುವ ಅದರ ಬಟ್ಟಲಿನ ಅಳತೆ ಮಗಳಿಗೆ ದೊಡ್ಡದಾಗಿತ್ತು, ಮೇಡಂ ನೋಡಿ ಚಿಕ್ಕದು ತರಿಸಿದ ಮೇಲೆಯೇ ನೋವು ನಿಂತದ್ದು. ಮೊದಲ ವಾರ ಕೈಯಲ್ಲಿ ಹಿಂಡಿದಾಗಲೇ ಜಾಸ್ತಿ ಬರುತ್ತಿತ್ತು. ತೊಟ್ಟಿಗೆ ಹಚ್ಚುವ ಲ್ಯಾನೊಲಿನ್ ಕ್ರೀಮು ಉರಿ ಕಡಿಮೆ ಮಾಡಿತು. ಕುಡಿಸಿದ ಮೇಲೆ ತನ್ನದೇ ಹಾಲಿನ ನಾಲ್ಕು ಹನಿ ಸವರಿ ಗಾಳಿಗೆ ಬಿಟ್ಟರೂ ಆಗುತ್ತದೆ ಅಂದರು. ತೊಟ್ಟಿನ ಮೇಲೆ ಹಾಕುವ ಸಿಲಿಕೋನ್ ಕವಚ ತಂದಿದ್ದೆವು, ತೆಗೆದು ಬದಿಗಿಡಿ, ಬೇಕಾದರೆ ನಾನೇ ಹೇಳುತ್ತೇನೆ ಅಂದರು. ಬೇಕಾಗಲಿಲ್ಲ.

ಅಡುಗೆಯ ವಿಷಯದಲ್ಲಿ ಮೇಡಂಗೂ ನನಗೂ ಸ್ವಲ್ಪ ಮಾತಾಯಿತು. ನಮ್ಮಲ್ಲಿ ಬಾಣಂತಿಗೆ ನೀರು ಜಾಸ್ತಿ ಕೊಡುವುದಿಲ್ಲ, ಹೊಟ್ಟೆ ಬರುತ್ತದೆ ಅಂತ. ಮಗಳಿಗೂ ಲೆಕ್ಕದಲ್ಲೇ ಕೊಡುತ್ತಿದ್ದೆ. ಬಾಯಾರಿದಾಗಲೆಲ್ಲ ಕುಡಿಯಲಿ ಅಂತ ಅವರು ಖಡಾಖಂಡಿತವಾಗಿ ಹೇಳಿದರು. ಅದನ್ನು ಒಪ್ಪಿದೆ. ಅವಳ ತುಟಿ ಒಣಗಿದ್ದು ನನಗೆ ಕಾಣಿಸಿರಲಿಲ್ಲ ಅನ್ನುವುದು ಈಗಲೂ ಬೇಸರ. ಮಗುವಿಗೆ ಜೇನು ನೆಕ್ಕಿಸುವುದು, ಸಕ್ಕರೆ ನೀರು, ಬಜೆ ತೇಯ್ದು ಹಾಕುವುದು ಎಲ್ಲ ಬೇಡ ಅಂದರು. ಒಂದು ವರ್ಷದ ಒಳಗಿನ ಮಗುವಿಗೆ ಜೇನು ಅಪಾಯ, ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾದಿಂದ ಬಾಟುಲಿಸಂ ಅನ್ನುವ ಕಾಯಿಲೆ ಬರಬಹುದು. ಆರು ತಿಂಗಳು ನೀರೂ ಬೇಡ, ತಾಯಿಯ ಹಾಲಿನಲ್ಲೇ ಬೇಕಾದಷ್ಟು ನೀರಿದೆ. ಡಾಕ್ಟರು ಕೊಟ್ಟ ವಿಟಮಿನ್ ಡಿ ಹನಿ ಮಾತ್ರ ದಿನಾ ಹಾಕುತ್ತೇವೆ.

ಸಬ್ಬಸಿಗೆ ಸೊಪ್ಪಿನ ವಿಷಯದಲ್ಲಿ ಮಾತ್ರ ನಾನು ಬಿಟ್ಟುಕೊಡಲಿಲ್ಲ. ಸಬ್ಬಸಿಗೆ, ಮೆಂತ್ಯ, ಬೆಳ್ಳುಳ್ಳಿ ಇವುಗಳಿಂದಲೇ ಹಾಲು ಹೆಚ್ಚುತ್ತದೆ ಅಂತ ನಂಬಿಕೊಂಡು ಕುಡಿಸುವುದನ್ನು ಕಡಿಮೆ ಮಾಡಬೇಡಿ ಅಂದರು. ಅದು ಸರಿಯೇ. ಆದರೆ ಬಿಸಿ ಅನ್ನಕ್ಕೆ ತುಪ್ಪ ಹಾಕಿ, ಸಬ್ಬಸಿಗೆ ಪಲ್ಯ ಕಲಸಿ ಯಾರಾದರೂ ಪಕ್ಕದಲ್ಲಿ ಕೂತು ತಿನ್ನಿಸಿದರೆ ಬಾಣಂತಿಗೆ ಜೀವ ಬರುತ್ತದೆ, ಅಲ್ವಾ? ಅದಕ್ಕೂ ಬೆಲೆಯಿದೆ. ಮೇಡಂ ಎರಡನೇ ಸಲ ಬಂದಾಗ ಅವರಿಗೂ ಒಂದು ತಟ್ಟೆ ಬಡಿಸಿದೆ. ಊಟ ಮಾಡಿಯೇ ಹೋದರು.

ಆ ಎರಡನೇ ಭೇಟಿ ಹನ್ನೊಂದನೇ ದಿನ. ತೂಕ 2.57. ಮೂರು ದಿನದಲ್ಲಿ 70 ಗ್ರಾಂ. ದಿನಕ್ಕೆ ಇಪ್ಪತ್ತರಿಂದ ಮೂವತ್ತು ಗ್ರಾಂ ಏರಿದರೆ ಚೆನ್ನ ಅಂದಿದ್ದರು. ಹದಿನೈದನೇ ದಿನಕ್ಕೆ 2.69. ಹದಿನಾರಕ್ಕೆ ಡಾಕ್ಟರು ಡಬ್ಬಿ ಹಾಲು ನಿಲ್ಲಿಸಿ ಅಂದರು. ಹತ್ತೊಂಬತ್ತಕ್ಕೆ 2.81, ಅಂದರೆ ಹುಟ್ಟಿದ ತೂಕ ದಾಟಿತು. ಕ್ಯಾಲೆಂಡರಿನಲ್ಲಿ ಅಳಿಯಂದಿರು ಈ ಅಂಕಿಗಳನ್ನು ಬರೆದಿದ್ದಾರೆ. ಆ ಹಾಳೆಯನ್ನು ನಾನು ಹರಿಯಲು ಬಿಟ್ಟಿಲ್ಲ.

ಅಳಿಯಂದಿರ ಬಗ್ಗೆ ಒಂದು ಮಾತು. ನಮ್ಮ ಕಾಲದಲ್ಲಿ ಬಾಣಂತಿ ಕೋಣೆಗೆ ಗಂಡಸರು ಬರುತ್ತಿರಲಿಲ್ಲ. ಮೇಡಂ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿ ಎಲ್ಲ ತೋರಿಸಿದರು. ಬಾಯಿ ಸರಿಯಾಗಿ ಹಿಡಿದಿದೆಯಾ ಅಂತ ಮೇಲಿನಿಂದ ನೋಡುವ ತಾಯಿಗಿಂತ ಪಕ್ಕದಿಂದ ನೋಡುವವರಿಗೆ ಚೆನ್ನಾಗಿ ಕಾಣುತ್ತದೆ. ರಾತ್ರಿ ತೇಗಿಸುವುದು, ಬಟ್ಟೆ ಬದಲಿಸುವುದು, ಪಂಪ್ ತೊಳೆದು ಕುದಿಸುವುದು ಅವರ ಪಾಲಿಗೆ ಬಂತು. ಮಗಳಿಗೆ ಒಂದೇ ಸಮನೆ ಮೂರು ತಾಸು ನಿದ್ದೆ ಸಿಗಲು ಶುರುವಾಯಿತು. ಅವಳು ಅಳುವುದು ಕಡಿಮೆಯಾದದ್ದು ಆಗಲೇ.

ನಾಲ್ಕನೇ ವಾರ ಇನ್ನೊಂದು ಕಷ್ಟ ಬಂತು. ಬೆಳಗಿನ ಜಾವ ಚಳಿ, 102 ಡಿಗ್ರಿ ಜ್ವರ. ಎಡಗಡೆ ಎದೆ ಒಂದು ಕಡೆ ಕೆಂಪಗೆ, ಗಟ್ಟಿ. ಹಿಂದಿನ ದಿನ ನೆಂಟರು ಬಂದಿದ್ದರು, ಎರಡು ಸಲ ಕುಡಿಸುವುದು ತಪ್ಪಿತ್ತು. ಹಾಲು ಕಟ್ಟಿಕೊಂಡಿದೆ ಅಂತ ನಾನು ಬಿಸಿನೀರು ಬಟ್ಟೆ ಇಟ್ಟು ಜೋರಾಗಿ ತಿಕ್ಕಲು ಹೊರಟೆ. ಮಗಳು ಮೇಡಂಗೆ ಫೋನ್ ಮಾಡಿದಳು. ಜೋರಾಗಿ ತಿಕ್ಕಬೇಡಿ, ಬಾವು ಜಾಸ್ತಿಯಾಗುತ್ತದೆ, ಕುಡಿಸಿದ ಮೇಲೆ ತಣ್ಣೀರು ಬಟ್ಟೆ ಇಡಿ, ಆ ಎದೆಯಲ್ಲೂ ಕುಡಿಸುವುದನ್ನು ನಿಲ್ಲಿಸಬೇಡಿ, ಇವತ್ತೇ ಡಾಕ್ಟರಿಗೆ ತೋರಿಸಿ ಅಂದರು. ಎದೆ ಬಾವು ಬಂದಾಗ ಮಗುವಿಗೆ ಕೊಡಬಾರದು ಅಂತ ನಾವೆಲ್ಲ ನಂಬಿದ್ದೆವು. ಕೊಡಬಹುದು. ಕೊಡದಿದ್ದರೆ ಹಾಲು ಇನ್ನಷ್ಟು ಕಟ್ಟುತ್ತದೆ. ಡಾಕ್ಟರು ಹಾಲು ಕುಡಿಸುವವರಿಗೆ ಆಗುವ ಆಂಟಿಬಯೋಟಿಕ್ ಬರೆದುಕೊಟ್ಟರು. ಎರಡು ದಿನದಲ್ಲಿ ಜ್ವರ ಬಿಟ್ಟಿತು. ಆ ಫೋನಿಗೆ ಮೇಡಂ ಹಣ ತೆಗೆದುಕೊಳ್ಳಲಿಲ್ಲ.

ಕೊರತೆಗಳನ್ನೂ ಹೇಳಬೇಕು. ಮೊದಲ ಭೇಟಿ 1,500, ಆಮೇಲಿನವು 800. ಮೂರು ಸಲಕ್ಕೆ 3,100 ರೂಪಾಯಿ. ನಮಗೆ ಆಯಿತು, ಎಲ್ಲರಿಗೂ ಆಗುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಕೇಳಿದರೆ ಉತ್ತರ ಬರುವುದು ರಾತ್ರಿ ಹತ್ತರ ಮೇಲೆ. ಬೆಳಿಗ್ಗೆ ಎದೆ ನೋಯುವವಳಿಗೆ ಅಷ್ಟು ಹೊತ್ತು ಕಾಯುವುದು ಕಷ್ಟ. ಕೊಟ್ಟು ಹೋದ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಮಾತೆಲ್ಲ ಕನ್ನಡದಲ್ಲಿ ಅಷ್ಟು ಚೆನ್ನಾಗಿ ಆಡಿದವರು ಚೀಟಿಯನ್ನೂ ಕನ್ನಡದಲ್ಲಿ ಮಾಡಿಸಬೇಕಿತ್ತು. ರಾತ್ರಿ ಮಗುವಿನ ಪಕ್ಕ ಕೂರುವುದು ನಾನು, ಬೀಗಿತ್ತಿ. ಓದಬೇಕಾದವರು ನಾವು. ಅವರಿಗೇ ಹೇಳಿದೆ, ಒಪ್ಪಿಕೊಂಡು ಮಾಡಿಸುತ್ತೇನೆ ಅಂದಿದ್ದಾರೆ. ಅಲ್ಲಿಯವರೆಗೆ ಮಗಳು ಹೇಳಿದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದೇನೆ.

ಹಣ ಕೊಡಲು ಆಗದವರು ಆಶಾ ಕಾರ್ಯಕರ್ತೆಯನ್ನು ಬಿಡಬೇಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೂ 3, 7, 14, 21, 28 ಮತ್ತು 42ನೇ ದಿನ ಅವರು ಮನೆಗೆ ಬಂದು ಮಗುವನ್ನು ನೋಡಬೇಕು ಅನ್ನುವ ಸರ್ಕಾರದ ಕಾರ್ಯಕ್ರಮವಿದೆ. ತೂಗುವುದು, ಹಾಲು ಕುಡಿಸುವುದನ್ನು ನೋಡುವುದು ಅವರ ಕೆಲಸದಲ್ಲೇ ಸೇರಿದೆ. ಬಾಣಂತನಕ್ಕೆ ತವರಿಗೆ ಬಂದಿದ್ದರೆ ತಾಯಿ ಕಾರ್ಡ್ ಹಿಡಿದುಕೊಂಡು ನೀವೇ ಹೋಗಿ ಹೇಳಿ, ಇಲ್ಲದಿದ್ದರೆ ನೀವು ಬಂದದ್ದು ಅವರಿಗೆ ಗೊತ್ತಾಗುವುದಿಲ್ಲ. ನಮಗೆ ಇದು ತಿಳಿದದ್ದು ತಡವಾಗಿ. 28ನೇ ದಿನ ಬಂದ ಆಶಾ ಹುಡುಗಿ ಮಗಳು ಕುಡಿಸುವುದನ್ನು ಪೂರ್ತಿ ಕೂತು ನೋಡಿದಳು. ಯಾರನ್ನೇ ಕರೆಸಿ, ಇದೊಂದನ್ನು ಕೇಳಿಕೊಳ್ಳಿ: ಶುರುವಿನಿಂದ ಕೊನೆವರೆಗೆ ಒಂದು ಸಲ ಕೂತು ನೋಡುತ್ತೀರಾ? ಎದೆ ಮುಟ್ಟುವ ಮುಂಚೆ ಕೇಳುತ್ತೀರಾ? ಬಂದ ಐದೇ ನಿಮಿಷಕ್ಕೆ ಪುಡಿಯನ್ನೋ ಮಾತ್ರೆಯನ್ನೋ ಪಂಪನ್ನೋ ಮಾರಲು ಶುರು ಮಾಡಿದರೆ ಬೇಡ ಅನ್ನಿ.

ಮಗಳ ರಜೆ ಇನ್ನು ಮೂರು ವಾರ ಇದೆ. 2017ರ ತಿದ್ದುಪಡಿ ಆದಮೇಲೆ 26 ವಾರ ಸಿಗುತ್ತದೆ, ಅದೇ ದೊಡ್ಡದು. ಮುಂದಿನ ತಿಂಗಳು ಬೆಂಗಳೂರಿಗೆ ಹೊರಡುತ್ತಾರೆ, ಜೊತೆಗೆ ನಾನೂ. ಮೂರನೇ ಭೇಟಿಯಲ್ಲಿ ಮೇಡಂ ಕಲಿಸಿದ್ದು ಅದರ ತಯಾರಿಯನ್ನೇ. ಹಿಂಡಿದ ಹಾಲು ಹೊರಗೆ ನಾಲ್ಕು ತಾಸು, ಫ್ರಿಜ್ಜಿನಲ್ಲಿ ಒಂದು ದಿನ, ಬಾಗಿಲಲ್ಲಿ ಇಡದೆ ಒಳಗೆ ಹಿಂದೆ. ಒಲೆಯ ಮೇಲೆ ಕಾಯಿಸದೆ ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡುವುದು. ಮಗು ಕುಡಿದು ಉಳಿಸಿದ್ದನ್ನು ಮತ್ತೆ ಇಡದೆ ಚೆಲ್ಲುವುದು. ಎಲ್ಲ ನನ್ನ ನೋಟ್‌ಬುಕ್ಕಿನಲ್ಲಿದೆ. ಹಗಲು ಹೊತ್ತು ಹಾಲು ಕೊಡುವವಳು ನಾನೇ ಆದ್ದರಿಂದ ಈ ವಾರ ಅಭ್ಯಾಸ ಶುರು ಮಾಡಿದ್ದೇನೆ. ನಿನ್ನೆ ಸ್ಟೀಲ್ ಒಳಲೆಯಲ್ಲಿ 60 ಎಂಎಲ್ ಕುಡಿದಳು. ಕೊನೆಗೆ ಒಳಲೆಯನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡು ಬಿಡಲಿಲ್ಲ.